ರಟ್ಟಿನ ಚೂರು

ನನ್ನ ಬಳಿ ಒಂದು ಬಹು ಅಪೂರ್ವವಾದ ಪುಸ್ತಕವಿದೆ. ಅಚ್ಚಾದುವು 500 ಪ್ರತಿಗಳು. ಅವುಗಳಲ್ಲಿ ಅರ್ಧದಷ್ಟು ಬಾಡಿಗೆ ಮನೆಯ ಅಟ್ಟದಲ್ಲಿ ಗೆದ್ದಲಿನ ಪಾಲಾದುವು. ನೂರರಷ್ಟು ನಂಟರಿಷ್ಟರ ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಹೋದುವು. ಹೋದುವು ಎಂದರೆ ಹೋದುವು, ಯಾರೂ ಓದಿದ ಸುದ್ದಿ ಬರಲಿಲ್ಲ. ಉಳಿದುವು ಹೇಗೆ ಕರಗಿದುವೋ ತಿಳಿಯದು. ಈಗ ಲೋಕದಲ್ಲಿ ಅದರ ಐವತ್ತು ಪ್ರತಿಗಳಿದ್ದರೆ ಹೆಚ್ಚು. ಪುಸ್ತಕ ಯಾವುದೆಂದು ಕೇಳುವಿರಾ? ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಸಾಲ ಮಾಡಿ ಅಚ್ಚು ಹಾಕಿಸಿದ ಕವನ ಸಂಕಲನ.

ಅಪರೂಪವಾದುದಕ್ಕೆ ಬೆಲೆ ಹೆಚ್ಚು ಎಂದು ತಿಳಿದವರು ಹೇಳುತ್ತಾರೆ. ಆ ಮಾತನ್ನು ನಂಬಿ ಒಮ್ಮೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವನೊಬ್ಬನ ಮುಂದೆ ಒಂದು ಪ್ರತಿಯನ್ನು ಹಿಡಿದೆ. ಬರೆದವನು ನಾನೇ ಎಂದು ಹೇಳಲಿಲ್ಲ. “ಇದು ಈಗ ಎಲ್ಲೂ ಸಿಗುವುದಿಲ್ಲ” ಎಂದೆ. ಅವನು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಿಜ ಸಾರ್, ಸಿಗೋದಿಲ್ಲ. ಆದ್ರೆ ಕೇಳೋರೂ ಸಿಗೋದಿಲ್ವಲ್ಲ!” ಎಂದ.

ಅರ್ಥಶಾಸ್ತ್ರದ ನನ್ನ ಸಹೋದ್ಯೋಗಿಗಳು ತಿಂಗಳುಗಟ್ಟಲೆ ಪಾಠ ಮಾಡುವ ವಿಷಯವನ್ನು ಆತ ಒಂದು ಮಾತಿನಲ್ಲಿ ಮುಗಿಸಿದ್ದ. ಆದರೆ ಅದರ ಪೂರ್ತಿ ಅರ್ಥ ನನಗೆ ಹೊಳೆದುದು ಬಹಳ ದಿನಗಳ ಮೇಲೆ, ಬಹಳ ದೂರದ ಊರಿನಲ್ಲಿ, ಹನ್ನೆರಡು ವರ್ಷದ ಹುಡುಗನೊಬ್ಬನ ಬಾಯಿಂದ.

ಕಳೆದ ಬೇಸಗೆಯ ರಜೆಯಲ್ಲಿ ಅಕ್ಕನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅಕ್ಕ, ಭಾವ ನ್ಯೂಜೆರ್ಸಿಯಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. ಅವರಿಗೊಬ್ಬನೇ ಮಗ, ಚಿನ್ಮಯ. ಮನೆಯಲ್ಲಿ ಚಿನ್ನು. ಕನ್ನಡ ಬರುತ್ತದೆ, ಆದರೆ ನನ್ನನ್ನು ಒಮ್ಮೆ ‘ನೀನು’ ಎಂದೂ ಒಮ್ಮೆ ‘ನೀವು’ ಎಂದೂ ಕರೆದು, ಯಾವುದು ಸರಿ ಎಂದು ಅಮ್ಮನ ಮುಖ ನೋಡುತ್ತಾನೆ. ನಾನು ಹೋದ ಮೂರನೆಯ ದಿನ ಅವನು ಎದೆಗವಚಿಕೊಂಡು ಒಂದು ದಪ್ಪ ಆಲ್ಬಂ ತಂದ. ಪುಟಕ್ಕೆ ಒಂಬತ್ತು ಪ್ಲಾಸ್ಟಿಕ್ ಜೇಬುಗಳು; ಜೇಬಿಗೊಂದು ರಟ್ಟಿನ ಚೂರು. ಮುಂದೆ ಬೇಸ್‌ಬಾಲ್ ಆಟಗಾರನೊಬ್ಬನ ಚಿತ್ರ, ಹಿಂದೆ ಅವನ ಆಟದ ಲೆಕ್ಕಪತ್ರ. ಬೇಸ್‌ಬಾಲ್ ಎಂದರೆ ನಮ್ಮ ಕ್ರಿಕೆಟ್ಟಿನ ದೂರದ ದಾಯಾದಿ. ನನಗೆ ಅದರ ಗಂಧವಿಲ್ಲ. ಆದರೂ ಮಾವನಾದವನ ಮರ್ಯಾದೆಗೆ ತಕ್ಕಂತೆ ಕನ್ನಡಕ ಏರಿಸಿ ನೋಡಿದೆ.

“ಇವು ಯಾವುದಕ್ಕೂ ಬೆಲೆ ಇಲ್ಲ, ಮಾಮ. ಬೆಲೆ ಇರೋದು ವ್ಯಾಗ್ನರಿಗೆ” ಎಂದು ಅವನು ಪಾಠ ಶುರುಮಾಡಿದ. ನಾನು ವಿದ್ಯಾರ್ಥಿಯಾಗಿ ಕೈಕಟ್ಟಿ ಕುಳಿತೆ.

ಹೋನಸ್ ವ್ಯಾಗ್ನರ್ ಪಿಟ್ಸ್‌ಬರ್ಗ್ ತಂಡದ ಆಟಗಾರ. ಅವನ ಕಾಲಕ್ಕೆ ಅವನಿಗೆ ಸರಿಸಾಟಿಯಾದವರು ವಿರಳ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿಯವರು ಸಿಗರೇಟು ಪೊಟ್ಟಣಗಳಲ್ಲಿ ಆಟಗಾರರ ಚಿತ್ರಗಳನ್ನಿಟ್ಟು ಮಾರಿದರು. ಪೊಟ್ಟಣ ಬಾಗದ ಹಾಗೆ ಒಂದು ರಟ್ಟೂ ಆಯಿತು, ಗಿರಾಕಿಗೆ ಆಮಿಷವೂ ಆಯಿತು. ಐನೂರಕ್ಕೂ ಹೆಚ್ಚು ಬಗೆಯ ಚಿತ್ರಗಳು ಬಂದುವು. ಆದರೆ ವ್ಯಾಗ್ನರ್ ಮಾತ್ರ ತನ್ನ ಚಿತ್ರ ಬೇಡವೆಂದ. ಚಿತ್ರದ ಆಸೆಗೆ ಮಕ್ಕಳು ಸಿಗರೇಟು ಕೊಳ್ಳಬಾರದೆಂದು ಹಾಗೆ ಮಾಡಿದ ಎನ್ನುವವರು ಕೆಲವರು. ಕಂಪೆನಿ ದುಡ್ಡು ಕೊಡಲಿಲ್ಲವೆಂದು ಹಾಗೆ ಮಾಡಿದ ಎನ್ನುವವರು ಕೆಲವರು. ಸ್ವತಃ ಹೊಗೆಸೊಪ್ಪು ಜಗಿಯುತ್ತಿದ್ದವನ ವಿಷಯದಲ್ಲಿ ಎರಡನ್ನೂ ನಂಬಬಹುದು. ಕಾರಣ ಏನೇ ಇರಲಿ, ಅಚ್ಚು ನಿಂತಿತು. ಈಗ ಲೋಕದಲ್ಲಿ ತಿಳಿದಿರುವ ವ್ಯಾಗ್ನರ್ ಕಾರ್ಡುಗಳು ಐವತ್ತು ಅರವತ್ತು. 2022ರಲ್ಲಿ ಒಂದು ಕಾರ್ಡು 72 ಲಕ್ಷದ 50 ಸಾವಿರ ಡಾಲರಿಗೆ ಕೈ ಬದಲಾಯಿಸಿತು. ಅದೂ ಮೂಲೆಗಳು ಸವೆದು ಬಣ್ಣಗೆಟ್ಟ ಕಾರ್ಡು.

ನನ್ನ ಕವನ ಸಂಕಲನದ ಸಂಖ್ಯೆಯೂ ಐವತ್ತು! ಒಂದು ಕ್ಷಣ ಎದೆ ಹಾರಿತು. “ಹಾಗಾದರೆ ಕಡಮೆ ಇದ್ದುದಕ್ಕೆ ಬೆಲೆ ಜಾಸ್ತಿ ಅನ್ನು” ಎಂದೆ.

ಚಿನ್ನು ತಲೆಯಲ್ಲಾಡಿಸಿದ. “ಇಲ್ಲ ಮಾಮ. ಡಾಯ್ಲ್ ಇದ್ದಾನಲ್ಲ!”

ಜೋ ಡಾಯ್ಲ್ ಎಂಬವನು ಅದೇ ಸಿಗರೇಟು ಕಾರ್ಡುಗಳ ಸಾಲಿನವನು. ಆಗ ನ್ಯೂಯಾರ್ಕಿನಲ್ಲಿ ಎರಡು ತಂಡಗಳಿದ್ದುವು, ಒಂದು ಅಮೆರಿಕನ್ ಲೀಗಿನದು, ಒಂದು ನ್ಯಾಷನಲ್ ಲೀಗಿನದು. ಎರಡರಲ್ಲಿಯೂ ಒಬ್ಬೊಬ್ಬ ಡಾಯ್ಲ್ ಇದ್ದ. ಅಚ್ಚಿನವರು ಇವನನ್ನು ಅವನೆಂದು ತಿಳಿದು, ಅಮೆರಿಕನ್ ಲೀಗಿನ ಜೋ ಡಾಯ್ಲ್‌ನ ಚಿತ್ರದ ಕೆಳಗೆ ನ್ಯಾಷನಲ್ ಎಂದು ಅಚ್ಚು ಮಾಡಿದರು. ತಪ್ಪು ತಿಳಿದೊಡನೆ ತಿದ್ದಿದರು. ಆ ತಪ್ಪಿನ ಕಾರ್ಡುಗಳು ಈಗ ಹತ್ತರ ಆಸುಪಾಸಿನಲ್ಲಿವೆ, ಅಂದರೆ ವ್ಯಾಗ್ನರಿಗಿಂತ ಎಷ್ಟೋ ಅಪರೂಪ. ಆದರೂ ಬೆಲೆಯಲ್ಲಿ ಡಾಯ್ಲ್ ವ್ಯಾಗ್ನರನ ಹಿಂದೆ ಬಹುದೂರ ನಿಲ್ಲುತ್ತಾನೆ. ಏಕೆಂದರೆ ವ್ಯಾಗ್ನರನ ಹೆಸರನ್ನು ಬೇಸ್‌ಬಾಲ್ ಬಲ್ಲ ಮಕ್ಕಳೆಲ್ಲ ಬಲ್ಲರು. ಅಚ್ಚಿನ ತಪ್ಪಿಗಾಗಿ ಮರುಗುವವರು ಆ ವಿದ್ಯೆಯಲ್ಲಿ ಪಳಗಿದವರು ಮಾತ್ರ. ಕರಡು ತಿದ್ದುವುದರಲ್ಲಿ ಕಣ್ಣು ಕಳೆದುಕೊಂಡ ನನ್ನಂಥವನಿಗೆ ಡಾಯ್ಲ್‌ನ ಮೇಲೆಯೇ ಹೆಚ್ಚು ಮಮತೆ ಹುಟ್ಟಿತು. ಆದರೆ ನನ್ನ ಮಮತೆಯಿಂದ ಬೆಲೆ ಏರದು. ನನ್ನ ಜೇಬಿನಲ್ಲಿ ಡಾಲರುಗಳಿಲ್ಲ. ಬೇಡಿಕೆ ಎಂದರೆ ಬರಿಯ ಆಸೆಯಲ್ಲ, ಹಣದ ಚೀಲ ಹಿಡಿದ ಆಸೆ. ಅಂಥವರೂ ಸಾವಿರ ಮಂದಿ ಬೇಕಿಲ್ಲ. ಹರಾಜಿನಲ್ಲಿ ಹಠ ಹಿಡಿದ ಇಬ್ಬರು ಸಾಕು.

ಇದಕ್ಕಿಂತಲೂ ಸೋಜಿಗದ ಕಥೆ ಮಿಕ್ಕಿ ಮ್ಯಾಂಟ್ಲ್‌ನದು. 1952ರಲ್ಲಿ ಟಾಪ್ಸ್ ಕಂಪೆನಿಯವರು ಚೂಯಿಂಗ್ ಗಮ್ಮಿನ ಜೊತೆ ಕಾರ್ಡುಗಳನ್ನು ಹೊರತಂದರು. ಮ್ಯಾಂಟ್ಲ್‌ನ ಕಾರ್ಡು ಬಂದದ್ದು ಕೊನೆಯ ಕಂತಿನಲ್ಲಿ, ಆಟದ ಋತು ಮುಗಿಯುವ ಹೊತ್ತಿಗೆ. ಮಕ್ಕಳ ಮನಸ್ಸು ಬೇರೆ ಆಟಗಳ ಕಡೆ ಹರಿದಿತ್ತು, ಮಾಲು ಬಿಕರಿಯಾಗಲಿಲ್ಲ. ಎಂಟು ವರ್ಷ ಗೋದಾಮಿನಲ್ಲಿ ಕೊಳೆತ ಮೇಲೆ, 1960ರಲ್ಲಿ, ಕಂಪೆನಿಯ ಸೈ ಬರ್ಗರ್ ಎಂಬವನು ಅವನ್ನು ಕಸದ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ. ಇದೇ ನ್ಯೂಜೆರ್ಸಿಯ ತೀರದಾಚೆ. ಇದನ್ನು ಅವನೇ ಮುಂದೆ ಹೇಳಿಕೊಂಡು ನಗುತ್ತಿದ್ದ. ಹೀಗೆ ನೀರು ಪಾಲಾಗದೆ ಉಳಿದ ಒಂದು ಮ್ಯಾಂಟ್ಲ್ ಕಾರ್ಡನ್ನು 1991ರಲ್ಲಿ ಒಬ್ಬರು 50 ಸಾವಿರ ಡಾಲರಿಗೆ ಕೊಂಡರು. 2022ರ ಆಗಸ್ಟ್ ತಿಂಗಳಲ್ಲಿ ಅದೇ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಒಂದು ಅಂಗೈ ಅಗಲದ ರಟ್ಟಿಗೆ!

ಸೋಜಿಗ ಬೆಲೆಯಲ್ಲಿಲ್ಲ. ಮ್ಯಾಂಟ್ಲ್ ಕಾರ್ಡು ಅಷ್ಟೇನೂ ಅಪರೂಪವಲ್ಲ. ಸಾವಿರಕ್ಕೂ ಹೆಚ್ಚು ಉಳಿದಿವೆ. ಆ ಕಂತಿನ ಬಹುತೇಕ ಆಟಗಾರರ ಚಿತ್ರ ಅಚ್ಚಿನ ಹಾಳೆಯಲ್ಲಿ ಒಂದು ಸಲ ಬಿದ್ದರೆ ಮ್ಯಾಂಟ್ಲ್‌ನದು ಎರಡು ಸಲ ಬಿದ್ದಿತ್ತು. ಅವನ ಮೊದಲ ಕಾರ್ಡೂ ಇದಲ್ಲ. 1951ರಲ್ಲಿ ಬೋಮನ್ ಕಂಪೆನಿ ಹೊರತಂದದ್ದು ಮೊದಲನೆಯದು, ಅದಕ್ಕೆ ಇಷ್ಟು ಬೆಲೆಯಿಲ್ಲ. ಹಾಗಾದರೆ ಏಕೆ? ಆ ಕಾಲದಲ್ಲಿ ಅವನನ್ನು ದೇವರೆಂದು ತಿಳಿದಿದ್ದ ಹುಡುಗರು ಬೆಳೆದು ದೊಡ್ಡವರಾಗಿ, ಕೈತುಂಬ ಸಂಪಾದಿಸಿ, ತಲೆ ನರೆಯುವ ಹೊತ್ತಿಗೆ ತಮ್ಮ ಬಾಲ್ಯದ ಡಬ್ಬಿಗಳನ್ನು ಹುಡುಕಿದರು. ಡಬ್ಬಿಗಳಿರಲಿಲ್ಲ. ಮಕ್ಕಳು ಕಾಲೇಜಿಗೆ ಹೋದೊಡನೆ ತಾಯಂದಿರು ಕೋಣೆ ಗುಡಿಸಿದ್ದರು. ಬೆಲೆಗೆ ಹುಟ್ಟು ಅಲ್ಲಿ. ಅವರು ಕೊಂಡದ್ದು ಕಾರ್ಡನ್ನಲ್ಲ, ಗುಡಿಸಿ ಹೋದ ಕೋಣೆಯನ್ನು.

ಇದಕ್ಕೆ ತಿರುಗುಮುರುಗಾದ ಪುರಾವೆಯೂ ಅಕ್ಕನ ಮನೆಯ ನೆಲಮಾಳಿಗೆಯಲ್ಲಿತ್ತು. ಭಾವ ನೆರೆಯವರೊಬ್ಬರು ಹಳೆಯ ಸಾಮಾನು ಮಾರುವಾಗ ಐದು ಡಾಲರಿಗೆ ಒಂದು ಪೆಟ್ಟಿಗೆ ಕಾರ್ಡು ತಂದಿದ್ದರು. 1980ರ ದಶಕದ ಕೊನೆಯವು, ಸೀಲು ಕೂಡ ಒಡೆದಿಲ್ಲ. ಹಳೆಯ ಕಾರ್ಡುಗಳಿಗೆ ಬಂಗಾರದ ಬೆಲೆ ಬಂದುದನ್ನು ಕಂಡು ಆಗ ಕಂಪೆನಿಗಳು ಹಗಲಿರುಳು ಅಚ್ಚು ಮಾಡಿದುವು. ಮಕ್ಕಳ ಓದಿನ ಖರ್ಚಿಗಾದೀತೆಂದು ತಂದೆತಾಯಿಗಳು ಪೆಟ್ಟಿಗೆಗಟ್ಟಲೆ ಕೊಂಡು ಜೋಪಾನ ಮಾಡಿದರು. ಯಾರೂ ಒಂದನ್ನೂ ಎಸೆಯಲಿಲ್ಲ. ಆದುದರಿಂದಲೇ ಅವಕ್ಕೆ ಇಂದು ಕಾಸಿನ ಬೆಲೆಯಿಲ್ಲ. ಎಲ್ಲರೂ ಕಾಪಾಡಿದ್ದು ಕಸವಾಯಿತು, ಎಲ್ಲರೂ ಎಸೆದದ್ದು ನಿಧಿಯಾಯಿತು!

ಬೆಲೆ ಬಂದ ಕಡೆ ಕತ್ತರಿಯೂ ಬರುತ್ತದೆ. 1991ರಲ್ಲಿ ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್‌ಕಿ ಪಾಲುದಾರನೊಬ್ಬನೊಡನೆ 4 ಲಕ್ಷದ 51 ಸಾವಿರ ಡಾಲರಿಗೆ ಕೊಂಡ ವ್ಯಾಗ್ನರ್ ಕಾರ್ಡೊಂದಿತ್ತು. ಎಂಬತ್ತು ವರ್ಷದ ಮುದಿ ಕಾರ್ಡಿನ ಅಂಚು ನಿನ್ನೆ ಅಚ್ಚಾದಂತೆ ನೇರವಾಗಿತ್ತು. ಕಾರ್ಡುಗಳ ಸ್ಥಿತಿಗೆ ಹತ್ತರಲ್ಲಿ ಇಷ್ಟೆಂದು ಅಂಕ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಒತ್ತುವ ಸಂಸ್ಥೆ ಆಗತಾನೆ ಹುಟ್ಟಿತ್ತು. ಅದು ಅಂಕ ಕೊಟ್ಟ ಮೊಟ್ಟಮೊದಲನೆಯ ಕಾರ್ಡೇ ಇದು. ಹತ್ತಕ್ಕೆ ಎಂಟು. ಮುಂದೆ ಒಂದು ಸ್ಪರ್ಧೆಯ ಬಹುಮಾನವಾಗಿ ಇದು ಫ್ಲಾರಿಡಾದ ಅಂಚೆ ನೌಕರಳೊಬ್ಬಳಿಗೆ ಬಂತು. ಪಾಪ, ಬಹುಮಾನದ ತೆರಿಗೆ ಕಟ್ಟಲಾರದೆ ಆಕೆ ಮಾರಿಬಿಟ್ಟಳು. 2007ರಲ್ಲಿ ಬೆಲೆ 28 ಲಕ್ಷ ಡಾಲರಿಗೆ ಏರಿತು. ಕೊನೆಗೆ 2013ರಲ್ಲಿ, ಬಹಳ ಹಿಂದೆ ಅದನ್ನು ಮಾರಿದ್ದ ವ್ಯಾಪಾರಿ ನ್ಯಾಯಾಲಯದಲ್ಲಿ ತಾನೇ ಅಂಚು ಕತ್ತರಿಸಿದ್ದೆನೆಂದು ಒಪ್ಪಿಕೊಂಡ.

ಈ ಕಥೆ ಹೇಳುವಾಗ ಚಿನ್ನು ನಕ್ಕ. ನನಗೇಕೋ ನಗು ಬರಲಿಲ್ಲ. ಗಿರಾಕಿಗೆ ತಿಳಿಯದುದು ತನಗೆ ತಿಳಿದಿದೆ ಎಂಬ ಆ ವ್ಯಾಪಾರಿಯ ಮೌನವನ್ನು ನಾನೂ ಒಮ್ಮೆ ಅನುಭವಿಸಿದ್ದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮುಂದಿನ ಶನಿವಾರ ಎಲ್ಲರೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಈಜಿಪ್ಟಿನ ಗುಡಿ, ಗ್ರೀಕರ ಶಿಲ್ಪಗಳ ನಡುವೆ ಬೇಸ್‌ಬಾಲ್ ಕಾರ್ಡುಗಳಿಗೂ ಜಾಗವಿದೆ ಎಂದರೆ ನಂಬುವಿರಾ? ಜೆಫರ್ಸನ್ ಬರ್ಡಿಕ್ ಎಂಬವನು ಕೊಟ್ಟದ್ದು. ಸಿರಕ್ಯೂಸ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಒಂಟಿ ಮನುಷ್ಯ. ಸಂಧಿವಾತದಿಂದ ಕೈ ಬೆರಳುಗಳು ಸೊಟ್ಟಗಾಗಿದ್ದುವು. ಬೇಸ್‌ಬಾಲ್ ಆಟದಲ್ಲಿ ಅವನಿಗೆ ಅಂಥ ಆಸಕ್ತಿಯೇನೂ ಇರಲಿಲ್ಲವಂತೆ. ಅಚ್ಚಾದ ಚೂರುಪಾರು ಕಾಗದಗಳೆಂದರೆ ಪ್ರಾಣ. ಮೂರು ಲಕ್ಷಕ್ಕೂ ಹೆಚ್ಚು ಕೂಡಿಸಿ, ಎಲ್ಲಕ್ಕೂ ವರ್ಗ, ಕ್ರಮಾಂಕ ಕೊಟ್ಟು ಪಟ್ಟಿ ಮಾಡಿದ. ವ್ಯಾಗ್ನರನ ಸಾಲಿಗೆ ಇಂದಿಗೂ ಬಳಸುವ ‘ಟಿ 206’ ಎಂಬ ಹೆಸರು ಅವನಿಟ್ಟದ್ದೇ. 1947ರಿಂದ ಎಲ್ಲವನ್ನೂ ಈ ಸಂಗ್ರಹಾಲಯಕ್ಕೆ ಕೊಡತೊಡಗಿದ. ಮುಂದೆ ತಾನೇ ಇಲ್ಲಿ ಬಂದು ಕುಳಿತು, ನೋಯುವ ಬೆರಳುಗಳಿಂದ ಒಂದೊಂದನ್ನೂ ಆಲ್ಬಂಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಯಿತು; ಮಾರ್ಚಿನಲ್ಲಿ ಅವನೂ ಮುಗಿದ.

“ಅಂಟು ಹಾಕಿದ್ದಾನೆ, ಮಾಮ! ಬೆಲೆಯೆಲ್ಲ ಹಾಳು!” ಎಂದು ಚಿನ್ನು ಪೇಚಾಡಿದ. ನಿಜ. ಸಂಗ್ರಾಹಕರ ಕಣ್ಣಿನಲ್ಲಿ ಅಂಟು ಹಾಕಿದ ಕಾರ್ಡು ಮೈಲಿಗೆಯಾದ ಕಾರ್ಡು. ಆದರೆ ಬೆಲೆ ಹಾಳು ಮಾಡಿದ ಆ ಮಹಾರಾಯ ಕಾರ್ಡುಗಳನ್ನು ಹಾಳು ಮಾಡಲಿಲ್ಲ. ಅವನ ಸಂಗ್ರಹದಲ್ಲಿಯೂ ಒಬ್ಬ ವ್ಯಾಗ್ನರ್ ಇದ್ದಾನೆ. ಹರಾಜಿಗೆ ಎಂದೂ ಬಾರದ ವ್ಯಾಗ್ನರ್.

ಮನೆಗೆ ಬರುವಾಗ ಕಾರಿನಲ್ಲಿ ಚಿನ್ನು ಮೆಲ್ಲನೆ ನನ್ನ ಕಿವಿಯಲ್ಲಿ ತನ್ನ ಪರಾಕ್ರಮವನ್ನು ಹೇಳಿದ. ಬೀದಿಯ ಕೊನೆಯ ಮನೆಯಲ್ಲಿ ಎಂಟು ವರ್ಷದ ಹುಡುಗನೊಬ್ಬನಿದ್ದಾನೆ. ಅವನ ಹತ್ತಿರ ತಾತನ ಕಾಲದ ಹ್ಯಾಂಕ್ ಆರನ್ ಕಾರ್ಡೊಂದಿತ್ತು. ಬೇಬ್ ರೂತನ 714 ಹೋಮ್ ರನ್ನುಗಳ ದಾಖಲೆಯನ್ನು 1974ರಲ್ಲಿ ಮುರಿದ ಮಹಾನುಭಾವ ಆರನ್. ಚಿನ್ನು ಅದಕ್ಕೆ ಬದಲು ಹೊಸ ಹೊಳೆಯುವ ಆರನ್ ಜಡ್ಜ್ ಕಾರ್ಡು ಕೊಟ್ಟು ತಂದಿದ್ದ. ಜಡ್ಜ್ ಕಾರ್ಡಿಗೆ ಎರಡು ಡಾಲರು. ಹಳೆಯ ಆರನ್, ಮೂಲೆಗಳು ಮೊಂಡಾಗಿದ್ದರೂ, ಅರುವತ್ತಕ್ಕೆ ಕಡಮೆಯಿಲ್ಲ. “ಫೋನಿನಲ್ಲಿ ನೋಡಿದ್ದೆ” ಎಂದು ಬೀಗಿದ.

“ಅವನಿಗೆ ಹೇಳಿದೆಯಾ?”

“ಅವನೂ ನೋಡಬಹುದಿತ್ತಲ್ಲ, ಮಾಮ.”

ಆ ರಾತ್ರಿ ಊಟವಾದ ಮೇಲೆ ಅವನಿಗೆ ನಂಜುಂಡನ ಕಥೆ ಹೇಳಿದೆ. ಅಕ್ಕನೂ ಪಾತ್ರೆ ಒರಸುತ್ತ ಕೇಳಿದಳು.

1987ರಲ್ಲಿ ವಿಶ್ವಕಪ್ ಕ್ರಿಕೆಟ್ ನಮ್ಮ ದೇಶಕ್ಕೂ ಪಾಕಿಸ್ತಾನಕ್ಕೂ ಬಂದಾಗ ನನಗೆ ಎಂಟು ವರ್ಷ. ತಿಪಟೂರಿನ ನಮ್ಮ ಬೀದಿಯ ಹುಡುಗರೆಲ್ಲ ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಆಟಗಾರರ ಚಿತ್ರಗಳಿಗೆ ಸಾಯುತ್ತಿದ್ದೆವು. ಶ್ರೀಕಾಂತ್ ಬೇಕಾದಷ್ಟು ಸಿಗುತ್ತಿದ್ದ. ಸಿಗದವನೆಂದರೆ ರೋಜರ್ ಬಿನ್ನಿ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಕಿತ್ತ ನಮ್ಮ ಬೆಂಗಳೂರಿನ ಬಿನ್ನಿ! ಇಡೀ ಬೀದಿಯಲ್ಲಿ ಯಾರ ಬಳಿಯೂ ಅವನಿರಲಿಲ್ಲ. ಆಗ ನಮ್ಮ ವಠಾರಕ್ಕೆ ಹೊಸದಾಗಿ ಬಂದ ನಂಜುಂಡ ಒಂದು ಸಂಜೆ ತನ್ನ ಚಡ್ಡಿಯ ಜೇಬಿನಿಂದ ನಾಲ್ಕು ಚಿತ್ರ ತೆಗೆದ. ಮೂರನೆಯದು ಬಿನ್ನಿ.

ನನ್ನ ಮುಖದಲ್ಲಿ ಏನೂ ಕಾಣದಂತೆ ನೋಡಿಕೊಂಡೆ. ಎಂಟು ವರ್ಷಕ್ಕೇ ಆ ವಿದ್ಯೆ ಎಲ್ಲಿಂದ ಬಂತೋ! “ಮೂಲೆ ಮಡಿಚಿದೆ ಕಣೋ. ಇದು ಎಲ್ಲರ ಹತ್ತಿರವೂ ಇದೆ. ಬೇಕಾದರೆ ನಾಲ್ಕು ಶ್ರೀಕಾಂತ್ ಕೊಡುತ್ತೇನೆ” ಎಂದೆ. ಒಂದಕ್ಕೆ ನಾಲ್ಕು ಬಂತೆಂದು ಅವನು ಕುಣಿದುಕೊಂಡು ಮನೆಗೆ ಹೋದ. ಮಾರನೆಯ ದಿನ ಶಾಲೆಯಲ್ಲಿ ಹುಡುಗರು ನನ್ನ ಸುತ್ತ ಮುತ್ತಿದಾಗ ಅವನಿಗೆ ತಿಳಿಯಿತು. ಜಗಳವಾಡಲಿಲ್ಲ, ಅಳಲಿಲ್ಲ. “ನೀನು ಹೇಳಿದ್ದು ನಿಜ ಅಂದುಕೊಂಡೆ” ಎಂದ, ಅಷ್ಟೆ. ಬೇಸಗೆಯಲ್ಲಿ ಅವನ ತಂದೆಗೆ ವರ್ಗವಾಯಿತು.

ಬಿನ್ನಿ ನನ್ನ ಬಳಿ ಹೆಚ್ಚು ದಿನ ಉಳಿಯಲಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗ ಅಮ್ಮ ನನ್ನ ಡಬ್ಬಿಯಲ್ಲಿದ್ದುದನ್ನೆಲ್ಲ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದಳು. ನಾನು ಅತ್ತು ಊಟ ಬಿಟ್ಟೆ. ಆದರೆ ಇಂದು ನಿಜ ಹೇಳಬೇಕೆಂದರೆ, ಅಳುವಾಗ ಎಲ್ಲೋ ಒಳಗೆ ಹಗುರವೂ ಆಗಿತ್ತು.

ಚಿನ್ನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಆ ಬಿನ್ನಿ ಇದ್ದಿದ್ದರೆ ಎಷ್ಟಾಗುತ್ತಿತ್ತು, ಮಾಮ?” ಎಂದು ಕೇಳಿದ. ಅಮೆರಿಕದ ಹುಡುಗ! ನಾನು ಲೆಕ್ಕ ಹಾಕಿದೆ. ಅದು ಬೇಕೆನ್ನುವವರು ಈ ಲೋಕದಲ್ಲಿ ಇಬ್ಬರು. ಒಬ್ಬ ನಾನು. ಇನ್ನೊಬ್ಬನಿಗೆ ಅದರ ನೆನಪಿದೆಯೋ ಇಲ್ಲವೋ. “ಬೆಲೆ ಹೇಳುವುದಕ್ಕೆ ಆಗುವುದಿಲ್ಲ” ಎಂದೆ.

ಬೆಳಗ್ಗೆ ಚಿನ್ನು ಯಾರಿಗೂ ಹೇಳದೆ ಸೈಕಲ್ ಹತ್ತಿ ಹೋದ. ಅರ್ಧ ಗಂಟೆಯಲ್ಲಿ ಹಿಂದಿರುಗಿದಾಗ ಕೈಯಲ್ಲಿ ಹಳೆಯ ಆರನ್ ಹಾಗೆಯೇ ಇದ್ದ. ನನ್ನ ಮುಖ ಪೆಚ್ಚಾಯಿತು.

“ಅವನು ವಾಪಸು ತೆಗೆದುಕೊಳ್ಳಲಿಲ್ಲ, ಮಾಮ. ಜಡ್ಜೇ ಬೇಕಂತೆ. ಆ ಕಾರ್ಡನ್ನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನಂತೆ. ಇನ್ನೊಂದು ಜಡ್ಜ್ ಇದ್ದರೆ ಕೊಡು ಅಂದ. ಕೊಟ್ಟೆ.”

“ಬೆಲೆ ಹೇಳಿದೆಯಾ?”

“ಹೇಳಿದೆ. ಅವನ ತಾತನ ಎದುರಿಗೇ ಹೇಳಿದೆ. ಅವರು ನಕ್ಕರು.”

ನನ್ನ ನೀತಿಪಾಠ ಅಲ್ಲಿಗೆ ಮುಗಿಯಿತು, ನನಗೇ ಪಾಠವಾಯಿತು. ಮಾರುಕಟ್ಟೆಯ ಅರುವತ್ತು ಡಾಲರು ಒಂದು ಬೆಲೆ, ದಿಂಬಿನ ಕೆಳಗಿನದು ಒಂದು ಬೆಲೆ. ಎರಡರಲ್ಲಿ ಯಾವುದು ಹೆಚ್ಚೆಂದು ತೀರ್ಮಾನಿಸಬೇಕಾದವನು ಆ ಹುಡುಗ. ಅವನು ಎರಡನ್ನೂ ತಿಳಿದು ತೀರ್ಮಾನಿಸಿದ. ನಂಜುಂಡನೂ ಶ್ರೀಕಾಂತನನ್ನೇ ಮೆಚ್ಚಿದ್ದನೋ ಏನೋ! ಬಿನ್ನಿಯ ಬೆಲೆ ಹೇಳಿದ್ದರೂ, “ನಾಲ್ಕು ಶ್ರೀಕಾಂತೇ ಇರಲಿ” ಎನ್ನುತ್ತಿದ್ದನೋ ಏನೋ! ಹಾಗೆ ಹೇಳುವ ಅವಕಾಶವನ್ನು ನಾನು ಅವನಿಗೆ ಕೊಡಲೇ ಇಲ್ಲ. ನಾನು ಕದ್ದುದು ಬಿನ್ನಿಯನ್ನಲ್ಲ, ಆ ಒಂದು ಮಾತನ್ನು.

ಈ ಪುಟವನ್ನು ಓದುವವರಲ್ಲಿ ನಂಜುಂಡನಿದ್ದರೆ ಅವನಲ್ಲಿ ಒಂದು ವಿಜ್ಞಾಪನೆ. ಬಿನ್ನಿಯನ್ನು ಹಿಂದಕ್ಕೆ ಕೊಡಲಾರೆ. ಅವನು ನೀರು ಕಾಯಿಸಿ ಹೋದ. ಅದರ ಬದಲು ನನ್ನ ಕವನ ಸಂಕಲನದ ಒಂದು ಪ್ರತಿಯನ್ನು ಕಳುಹಿಸಬಲ್ಲೆ. ಬಹು ಅಪೂರ್ವವಾದ ಪುಸ್ತಕ, ಲೋಕದಲ್ಲಿ ಐವತ್ತೇ ಪ್ರತಿಗಳಿವೆ. ಆದರೆ ಈ ಸಲ ಮೊದಲೇ ಹೇಳಿಬಿಡುತ್ತೇನೆ ಕಣೋ: ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.